ಕೇಳಿದ್ದಕ್ಕೆ ಹೇಳಿದ್ದು: ಮೋಡೆಮ್ ಅಷ್ಟು ಕಿರುಚುತ್ತಿದ್ದದ್ದು ಯಾಕೆ?

ಹೋದ ಸಂಚಿಕೆಯಲ್ಲಿ ಒಂದು ಮೂಲೆಯಲ್ಲಿ ನಾಲ್ಕೇ ಸಾಲು ಬರೆದಿದ್ದೆ. ಅಮೆರಿಕದ ಎಒಎಲ್ ಕಂಪನಿ 2025ರ ಸೆಪ್ಟೆಂಬರ್ 30ಕ್ಕೆ ತನ್ನ ಡಯಲ್-ಅಪ್ ಸೇವೆ, ಅಂದರೆ ಮೋಡೆಮ್ ಇಟ್ಟು ಫೋನ್ ಲೈನಿನಲ್ಲಿ ಡಯಲ್ ಮಾಡಿ ಇಂಟರ್ನೆಟ್ ಸೇರುವುದನ್ನು, ನಿಲ್ಲಿಸಿತು ಅಂತ. ಅಷ್ಟಕ್ಕೇ ಇಷ್ಟು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಅರ್ಧ ಜನ ಮೋಡೆಮ್ ಬಳಸಿದವರು, ಇನ್ನರ್ಧ ಜನ ಅದನ್ನು ನೋಡೇ ಇಲ್ಲದವರು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಹಳೇ ಮೋಡೆಮ್ ಕನೆಕ್ಟ್ ಆಗುವ ಶಬ್ದದ ವಿಡಿಯೊ ನೋಡಿದೆ. ಕೀ… ಕ್ರ್‌ರ್… ಅಂತ ಕಿರುಚುತ್ತೆ. ಅದು ಕೆಟ್ಟಿತ್ತಾ ಅಥವಾ ಯಾವಾಗಲೂ ಹಾಗೇನಾ? ಸದ್ದಿಲ್ಲದೆ ಡೇಟಾ ಕಳಿಸೋಕೆ ಆಗ್ತಿರಲಿಲ್ವಾ? — ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಕೆಟ್ಟಿರಲಿಲ್ಲ. ಆ ಸದ್ದೇ ಡೇಟಾ. ಫೋನ್ ಲೈನ್ ಹಾಕಿದ್ದು ಮನುಷ್ಯರು ಮಾತಾಡಲಿ ಅಂತ. ಮಾತು ಅರ್ಥವಾಗಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಅದು ಸಾಗಿಸುತ್ತದೆ: ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸ್ವರಗಳು. ಅದಕ್ಕಿಂತ ಕೀರಲಾದದ್ದನ್ನು ಕತ್ತರಿಸಿ ಬಿಸಾಡುತ್ತೆ. ಫೋನ್‌ನಲ್ಲಿ ಹೆಸರು ಹೇಳುವಾಗ "ಸ ಅಂದ್ರಾ, ಫ ಅಂದ್ರಾ" ಅಂತ ಎರಡೆರಡು ಸಲ ಕೇಳಬೇಕಾಗುತ್ತಲ್ಲ, ಅದಕ್ಕೆ ಇದೇ ಕಾರಣ. ಕಂಪ್ಯೂಟರ್‌ನ ಒಂದು ಮತ್ತು ಸೊನ್ನೆಗಳು, ಅಂದರೆ ಬಿಟ್‌ಗಳು, ವೋಲ್ಟೇಜಿನ ಏರಿಳಿತ. ಅವನ್ನು ಹಾಗೇ ಆ ತಂತಿಗೆ ತಳ್ಳಿದರೆ ದಾರಿಯಲ್ಲೇ ಕರಗಿಹೋಗುತ್ತವೆ. ಹಾಗಾಗಿ ಕಂಪ್ಯೂಟರ್ ಮನುಷ್ಯನ ಥರ ದನಿ ಮಾಡಬೇಕು. ಆ ದನಿ ಮಾಡಿಕೊಡುವ ಪೆಟ್ಟಿಗೆಯೇ ಮೋಡೆಮ್. ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎರಡನ್ನೂ ಅರ್ಧರ್ಧ ಕತ್ತರಿಸಿ ಅಂಟಿಸಿದ ಹೆಸರು.

ತೀರಾ ಹಳೆಯದಾದ, ಸೆಕೆಂಡಿಗೆ 300 ಬಿಟ್‌ನ ವಿ.21 ಪದ್ಧತಿ ನೋಡಿ. ಕರೆ ಮಾಡಿದ ಕಡೆಯವನು 980 ಹರ್ಟ್ಸ್ ಸ್ವರ ಹಾಡಿದರೆ ಒಂದು, 1180 ಹಾಡಿದರೆ ಸೊನ್ನೆ. ಕರೆ ಎತ್ತಿಕೊಂಡವನದು ಮೇಲಿನ ಶ್ರುತಿ, 1650 ಮತ್ತು 1850. ಇಬ್ಬರೂ ಒಟ್ಟಿಗೆ ಹಾಡಿದರೂ ಗೊಂದಲ ಇಲ್ಲ. ಅಷ್ಟೇ ಸರಳ.

ನೀವು ಕೇಳಿದ್ದು ಬಹುಶಃ 1994ರ ನಂತರದ, 28,800 ಬಿಟ್‌ನ ವಿ.34 ಮೋಡೆಮ್ಮೋ ಅದಕ್ಕಿಂತ ಹೊಸದೋ ಇರಬೇಕು. ಅದರ ರಗಳೆ ಜಾಸ್ತಿ. ಮೊದಲು ಡಯಲ್ ಟೋನ್, ಆಮೇಲೆ ನಂಬರ್ ಒತ್ತಿದ ಪಿಂ ಪಿಂ. ಆಚೆ ಕಡೆಯವನು ಎತ್ತಿಕೊಂಡು 2100 ಹರ್ಟ್ಸ್‌ನ ಒಂದು ಉದ್ದನೆ ಸ್ವರ ಹಿಡಿಯುತ್ತಾನೆ. ಇದು ಎದುರಿನ ಮೋಡೆಮ್‌ಗಷ್ಟೇ ಅಲ್ಲ, ನಡುವಿನ ಟೆಲಿಫೋನ್ ಉಪಕರಣಗಳಿಗೂ ಹೇಳುವ ಮಾತು. ದೂರದ ಲೈನ್‌ಗಳಲ್ಲಿ ಪ್ರತಿಧ್ವನಿ ಅಡಗಿಸುವ ಯಂತ್ರಗಳು ಕೂತಿರುತ್ತಿದ್ದವು. ಒಬ್ಬ ಮಾತಾಡುವಾಗ ಇನ್ನೊಬ್ಬನ ಬಾಯಿ ಮುಚ್ಚಿಸುವ ಥರದವೂ ಇದ್ದವು. ಜನರಿಗೆ ಅದು ಸರಿ, ಆದರೆ ಮೋಡೆಮ್‌ಗಳು ಇಬ್ಬರೂ ಒಂದೇ ಸಮನೆ ಮಾತಾಡುವ ಜಾತಿ. "ಸ್ವಲ್ಪ ಹೊತ್ತು ನೀವು ಸುಮ್ನಿರಿ" ಅಂತ ಆ ಯಂತ್ರಗಳಿಗೆ ಹೇಳೋಕೆ ಆ ಸ್ವರ. ಆಮೇಲೆ ಇಬ್ಬರೂ ತಮಗೆ ಯಾವ ಯಾವ ಪದ್ಧತಿ ಗೊತ್ತು ಅಂತ ಹೇಳಿಕೊಳ್ಳುತ್ತಾರೆ. ಆಮೇಲೆ 150ರಿಂದ 3750 ಹರ್ಟ್ಸ್‌ವರೆಗೆ ಒಂದಷ್ಟು ಸ್ವರಗಳನ್ನು ಒಟ್ಟಿಗೆ ಬಿಟ್ಟು ಈ ಲೈನ್ ಎಲ್ಲಿ ನುಂಗುತ್ತೆ, ಎಲ್ಲಿ ಬಿಡುತ್ತೆ ಅಂತ ಅಳೆಯುತ್ತಾರೆ. ಕೊನೆಯ ಆ ಭರ್ರ್ ಅನ್ನೋ ಸದ್ದು, ಅಳೆದದ್ದಕ್ಕೆ ತಕ್ಕ ಹಾಗೆ ಕಿವಿ ಹೊಂದಿಸಿಕೊಳ್ಳುವ ತಾಲೀಮು. ಅದು ಮುಗಿದರೆ ಸ್ಪೀಕರ್ ಬಂದ್.

ಸದ್ದು ಅಲ್ಲಿಗೆ ನಿಲ್ಲುವುದಿಲ್ಲ ಅನ್ನೋದು ನೆನಪಿರಲಿ. ನಿಮಗೆ ಕೇಳಿಸುವುದು ಮಾತ್ರ ನಿಲ್ಲುತ್ತೆ. ಮೊದಲಿನದನ್ನು ಕೇಳಿಸುತ್ತಿದ್ದದ್ದೂ ಬೇಕಂತಲೇ. ಲೈನ್ ಎಂಗೇಜ್ ಇದೆಯಾ, ರಾಂಗ್ ನಂಬರಾ, ಯಾರಾದರೂ ಅಜ್ಜಿ ಎತ್ತಿಕೊಂಡು "ಹಲೋ ಯಾರು" ಅಂತಿದ್ದಾರಾ ಅಂತ ನಿಮಗೆ ಗೊತ್ತಾಗಲಿ ಅಂತ. ಬೇಡವಾದರೆ ಎಟಿಎಂ0 ಅಂತ ಕಮಾಂಡ್ ಕೊಟ್ಟು ಬಾಯಿ ಮುಚ್ಚಿಸಬಹುದಿತ್ತು. ಮನೆಯವರೆಲ್ಲ ಮಲಗಿದ ಮೇಲೆ ಕೂರುತ್ತಿದ್ದ ಹುಡುಗರಿಗೆಲ್ಲ ಆ ಕಮಾಂಡ್ ಬಾಯಿಪಾಠ.

ಪ್ರಶ್ನೆ: ಇಂಟರ್ನೆಟ್ ಇಲ್ಲದೆಯೂ ಎರಡು ಕಂಪ್ಯೂಟರ್ ನೇರವಾಗಿ ಫೋನ್‌ನಲ್ಲೇ ಫೈಲ್ ಕಳಿಸಿಕೊಳ್ಳುತ್ತಿದ್ದವು ಅಂತ ನಾನು ಹೇಳಿದರೆ ಮೊಮ್ಮಗ ನಂಬುವುದಿಲ್ಲ. ಸ್ವಲ್ಪ ಬಿಡಿಸಿ ಬರೆಯಿರಿ. — ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಉತ್ತರ: ನೀವು ಹೇಳಿದ್ದೇ ಸರಿ ಸಾರ್, ಮೊಮ್ಮಗನಿಗೆ ಇದನ್ನು ಓದಿಸಿ. ಇಂಟರ್ನೆಟ್, ವೆಬ್‌ಸೈಟ್, ಸರ್ವರ್ ಯಾವುದೂ ಬೇಡ. ಎರಡು ಮೋಡೆಮ್, ಎರಡು ಫೋನ್, ಮೋಡೆಮ್ ಜೊತೆ ಟೈಪ್ ಮಾಡಿ ಮಾತಾಡಲು ಒಂದು ಟರ್ಮಿನಲ್ ಪ್ರೋಗ್ರಾಂ, ಅಷ್ಟೇ. ವಿಂಡೋಸ್ 95ರಿಂದ ಎಕ್ಸ್‌ಪಿವರೆಗೆ ಹೈಪರ್‌ಟರ್ಮಿನಲ್ ಅನ್ನೋದು ಜೊತೆಗೇ ಬರುತ್ತಿತ್ತು.

ನಾನು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಹೀಗೇ ಮಾಡುತ್ತಿದ್ದೆವು. ಪುಟಗಳು ಬೆಂಗಳೂರಿನ ಗೆಳೆಯನ ಕಂಪ್ಯೂಟರಿಗೆ ಹೋಗಬೇಕು. ಹಗಲು ಕಳಿಸಿದರೆ ಬೇರೆ ಊರಿನ ಕರೆಯ, ಅಂದರೆ ಎಸ್‌ಟಿಡಿ ಬಿಲ್ಲಿನಲ್ಲೇ ಲಾಭವೆಲ್ಲ ಹೋಗುತ್ತೆ. ರಾತ್ರಿ ತಡವಾದ ಮೇಲೆ ದರ ಕಾಲು ಭಾಗಕ್ಕೆ ಇಳಿಯುತ್ತಿತ್ತು, ಅಲ್ಲಿವರೆಗೆ ಕಾಯುವುದು. ಮೊದಲು ಮಾಮೂಲಿ ಕರೆ: "ರೆಡಿನಾ? ಮೋಡೆಮ್ ಆನ್ ಮಾಡ್ಕೋ." ಫೋನ್ ಇಟ್ಟು, ಪರದೆಯ ಮೇಲೆ ಎಟಿಡಿಟಿ ಅಂತ ಟೈಪ್ ಮಾಡಿ ಮುಂದೆ ಅವನ ನಂಬರ್. ಎಟಿ ಅಂದರೆ ಅಟೆನ್ಷನ್, "ಇಲ್ಲಿ ಕೇಳು" ಅಂತ. ಡಿ ಅಂದರೆ ಡಯಲ್. ಕೊನೆಯ ಟಿ ಅಂದರೆ ಟೋನ್. ಅವನ ಪರದೆಯಲ್ಲಿ ರಿಂಗ್ ಅಂತ ಬರುತ್ತೆ, ಅವನು ಎಟಿಎ ಅಂತ ಹೊಡೆಯುತ್ತಾನೆ, ಎ ಅಂದರೆ ಆನ್ಸರ್. ಕಿರುಚಾಟವೆಲ್ಲ ಮುಗಿದು ಇಬ್ಬರ ಪರದೆಯಲ್ಲೂ ಕನೆಕ್ಟ್ ಅಂತ ಬಂದರೆ ಗೆದ್ದ ಹಾಗೆ. ಆಮೇಲೆ ನಾನು ಇಲ್ಲಿ ಟೈಪ್ ಮಾಡಿದ ಅಕ್ಷರ ಅವನಲ್ಲಿ ಮೂಡುತ್ತೆ. ಈ ಎಟಿ ಕಮಾಂಡ್‌ಗಳು ಹೇಯ್ಸ್ ಅನ್ನೋ ಅಮೆರಿಕನ್ ಕಂಪನಿ 1981ರಲ್ಲಿ ಸ್ಮಾರ್ಟ್‌ಮೋಡೆಮ್ ಮಾಡಿದಾಗ ಹುಟ್ಟಿದ್ದು. ಉಳಿದವರೆಲ್ಲ ಅದನ್ನೇ ನಕಲು ಮಾಡಿದರು. ಈಗಿನ 4ಜಿ ಡಾಂಗಲ್ ಒಳಗೂ ಎಟಿ ಕಮಾಂಡ್‌ಗಳು ಇವೆ, ಬೇಕಿದ್ದರೆ ನೋಡಿ.

ಫೈಲ್ ಕಳಿಸೋದು ಬೇರೆ ಕಥೆ. ಲೈನ್‌ನಲ್ಲಿ ಒಂದು ಚಟ್ ಅಂದರೆ ಒಂದು ಬೈಟ್ ಹಾಳು, ಆ ಒಂದು ಬೈಟ್‌ಗೆ ಇಡೀ ಜಿಪ್ ಫೈಲ್ ಹಾಳು. ಅದಕ್ಕೇ ಎಕ್ಸ್‌ಮೋಡೆಮ್ ಬಂತು. ಷಿಕಾಗೋದ ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ಬರೆದದ್ದು. 128 ಬೈಟ್ ಕಳಿಸುವುದು, ಕೊನೆಗೆ ಅವುಗಳ ಮೊತ್ತ ಕೂಡಿ ಕಳಿಸುವುದು. ಆಚೆಯವನು ತಾನೂ ಕೂಡಿ ನೋಡಿ ಲೆಕ್ಕ ಸರಿ ಇದ್ದರೆ "ಹೂಂ" ಅನ್ನಬೇಕು, ತಪ್ಪಿದ್ದರೆ "ಮತ್ತೆ ಕಳಿಸು". ಚೀಟಿ ಅಂಗಡಿಯ ಲೆಕ್ಕದ ಹಾಗೆ. ಈತನೇ ಮುಂದಿನ ವರ್ಷ, ಊರೆಲ್ಲ ಹಿಮದಲ್ಲಿ ಹೂತುಹೋಗಿದ್ದಾಗ ಗೆಳೆಯ ರ‍್ಯಾಂಡಿ ಸ್ಯೂಸ್ ಜೊತೆ ಸೇರಿ ಫೋನ್‌ಗೆ ಉತ್ತರ ಕೊಡುವ ಕಂಪ್ಯೂಟರ್ ನೋಟಿಸ್ ಬೋರ್ಡ್ ಮಾಡಿದ. 1978ರ ಫೆಬ್ರುವರಿಯಲ್ಲಿ ಅದು ಶುರುವಾಯಿತು. ಒಂದೇ ಫೋನ್ ಲೈನ್, ಒಂದು ಸಲಕ್ಕೆ ಒಬ್ಬರೇ. ಒಬ್ಬರು ಓದಿ ಬರೆದು ಇಟ್ಟ ಮೇಲೆ ಇನ್ನೊಬ್ಬರ ಸರದಿ. ಮೊಮ್ಮಗನಿಗೆ ವಾಟ್ಸಾಪ್ ಗ್ರೂಪಿನ ಮುತ್ತಜ್ಜ ಅಂತ ಹೇಳಿ.

ನಾವು ಬಳಸುತ್ತಿದ್ದದ್ದು ಝಡ್‌ಮೋಡೆಮ್, 1986ರಲ್ಲಿ ಚಕ್ ಫೋರ್ಸ್‌ಬರ್ಗ್ ಮಾಡಿದ್ದು. ಅದು ಪ್ರತಿ ತುಂಡಿಗೂ "ಹೂಂ" ಅನ್ನಿಸಿಕೊಳ್ಳಲು ಕಾಯುವುದಿಲ್ಲ. ಕಳಿಸುತ್ತಾ ಹೋಗುತ್ತೆ, ತಪ್ಪಾದರೆ ಮಾತ್ರ ಹಿಂದಕ್ಕೆ ಬರುತ್ತೆ. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದು: ಲೈನ್ ಕಟ್ಟಾದರೆ ನಿಂತಲ್ಲಿಂದಲೇ ಮುಂದುವರಿಸುತ್ತೆ. ನಮ್ಮ ಅಂಗಡಿಯ ಲೈನಿಗೆ ಮಹಡಿಯ ಮೇಲೆ ಮಾಲೀಕರ ಮನೆಯಲ್ಲಿ ಇನ್ನೊಂದು ಫೋನ್ ಇತ್ತು. ಅವರಿಗೆ ನಿದ್ದೆ ಬರದೆ ಯಾರಿಗೋ ಫೋನ್ ಮಾಡೋಣ ಅಂತ ಎತ್ತಿದರೆ ಕಥೆ ಮುಗೀತು. ಪರದೆಯ ತುಂಬಾ ಇರುವೆ ಸಾಲಿನ ಥರ ಚಿಹ್ನೆಗಳು, ಆಮೇಲೆ ನೋ ಕ್ಯಾರಿಯರ್, ಅಂದರೆ ಲೈನ್ ಕಟ್. ಮಹಡಿಯಿಂದ "ಏನೋ ಇದು ಫೋನಿನಲ್ಲಿ ಭೂತ ಕೂಗ್ತದೆ" ಅಂತ ಬೈಗುಳ ಬೇರೆ.

ಇಷ್ಟೆಲ್ಲ ಮಾಡಿ ಫೈಲ್ ಸರಿಯಾಗಿ ಹೋದ ಮೇಲೂ ಒಮ್ಮೊಮ್ಮೆ ಗೆಳೆಯನ ಪರದೆಯಲ್ಲಿ ಕನ್ನಡ ಬರುತ್ತಿರಲಿಲ್ಲ. ಕಸ. ಅದು ಮೋಡೆಮ್ ತಪ್ಪಲ್ಲ. ಎಲ್ಲ ಕಂಪ್ಯೂಟರಿಗೂ ಅಕ್ಷರಗಳಿಗೆ ಒಂದೇ ಸಂಕೇತ ಕೊಡುವ ಯೂನಿಕೋಡ್ ಆಗ ಬಳಕೆಗೆ ಬಂದಿರಲಿಲ್ಲ, ಒಂದೊಂದು ಡಿಟಿಪಿ ಸಾಫ್ಟ್‌ವೇರಿಗೆ ಒಂದೊಂದು ಫಾಂಟ್. ನಮ್ಮ ಫಾಂಟ್ ಅವನ ಹತ್ತಿರ ಇಲ್ಲದಿದ್ದರೆ ಅದನ್ನೂ ಅದೇ ಲೈನ್‌ನಲ್ಲಿ ಕಳಿಸಬೇಕು. ಮತ್ತೊಂದು ಹತ್ತು ನಿಮಿಷ ಎಸ್‌ಟಿಡಿ.

ಎಷ್ಟು ಹೊತ್ತು ಹಿಡಿಯುತ್ತಿತ್ತು ಅಂತ ಮೊಮ್ಮಗ ಕೇಳಿದರೆ: ಒಂದು 1.44 ಎಂಬಿ ಫ್ಲಾಪಿ ತುಂಬುವಷ್ಟು ಕಳಿಸಲು 2400 ಬಿಟ್ ಮೋಡೆಮ್‌ನಲ್ಲಿ ಸುಮಾರು ಒಂದು ಗಂಟೆ 40 ನಿಮಿಷ, 28,800ರಲ್ಲಿ ಎಂಟೂವರೆ ನಿಮಿಷ. ಅವನ ಮೊಬೈಲಿನ 4 ಎಂಬಿಯ ಒಂದು ಫೋಟೊಗೆ 33,600ರಲ್ಲೂ ಇಪ್ಪತ್ತು ನಿಮಿಷ ಬೇಕು.

ಪ್ರಶ್ನೆ: ಬಾಡ್ ಮತ್ತು ಬಿಟ್ ಪರ್ ಸೆಕೆಂಡ್ ಎರಡೂ ಒಂದೇ ಅಲ್ವಾ? ನಮ್ಮ ಮೇಷ್ಟ್ರು ಒಂದೇ ಅಂತಾರೆ. — ಡಿಪ್ಲೊಮಾ ವಿದ್ಯಾರ್ಥಿ, ತುಮಕೂರು

ಉತ್ತರ: 300 ಬಿಟ್ ಮೋಡೆಮ್‌ಗಳ ಕಾಲದಲ್ಲಿ ಒಂದೇ ಆಗಿತ್ತು, ಅಲ್ಲಿಂದ ಅಭ್ಯಾಸ ಉಳಿದುಬಿಟ್ಟಿತು. ಸೆಕೆಂಡಿಗೆ ಎಷ್ಟು ಸಲ ದನಿ ಬದಲಾಗುತ್ತೆ ಅನ್ನೋದು ಬಾಡ್. 2400 ಬಿಟ್‌ನ ವಿ.22ಬಿಸ್ ಮೋಡೆಮ್ ಬದಲಿಸುವುದು ಸೆಕೆಂಡಿಗೆ 600 ಸಲ ಮಾತ್ರ. ಆದರೆ ಪ್ರತಿ ಸಲ 16 ಬಗೆಯಲ್ಲಿ ಒಂದನ್ನು ಆರಿಸುತ್ತೆ, ಅಂದರೆ ಒಂದೇ ಏಟಿಗೆ ನಾಲ್ಕು ಬಿಟ್. ಮೇಷ್ಟ್ರಿಗೆ ಇದನ್ನು ಕ್ಲಾಸಿನಲ್ಲಿ ಎಲ್ಲರ ಮುಂದೆ ಹೇಳಬೇಡಿ, ಆಮೇಲೆ ಒಬ್ಬರೇ ಇದ್ದಾಗ ಹೇಳಿ.

ಪ್ರಶ್ನೆ: 2001ರಲ್ಲಿ 56ಕೆ ಮೋಡೆಮ್ ತಗೊಂಡೆ. ಒಂದು ದಿನವೂ 56 ಬರಲಿಲ್ಲ. ಗೆಳೆಯನಿಗೆ ನೇರ ಡಯಲ್ ಮಾಡಿದರಂತೂ 33ರ ಮೇಲೆ ಏಳಲೇ ಇಲ್ಲ. ಅಂಗಡಿಯವನು ಮೋಸ ಮಾಡಿದನಾ? — ಓದುಗ, ಶಿವಮೊಗ್ಗ

ಉತ್ತರ: ಪಾಪ, ಅಂಗಡಿಯವನು ಮೋಸ ಮಾಡಿಲ್ಲ. ಡಬ್ಬದ ಮೇಲಿನ 56ಕೆ, ಅಂದರೆ ಸೆಕೆಂಡಿಗೆ 56,000 ಬಿಟ್ ಅನ್ನೋ ಸಂಖ್ಯೆಯೇ ಸ್ವಲ್ಪ ಧಾರಾಳಿ.

ಡಿಜಿಟಲ್ ಎಕ್ಸ್‌ಚೇಂಜ್ ನಿಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ನಲ್ಲಿ ಬರೆದುಕೊಳ್ಳುತ್ತೆ. 64,000 ಬಿಟ್ ಆಯಿತಲ್ಲ. ಆದರೆ ಅಳೆದದ್ದನ್ನು ಹತ್ತಿರದ ಗೆರೆಗೆ ಹೊಂದಿಸಿ ಬರೆಯುವಾಗ ಸ್ವಲ್ಪ ತಪ್ಪು ಸೇರುತ್ತೆ. ಬಟ್ಟೆ ಅಂಗಡಿಯವನು ಮೀಟರಿನಲ್ಲೇ ಲೆಕ್ಕ ಹಾಕಿ ಸೆಂಟಿಮೀಟರ್ ಬಿಟ್ಟ ಹಾಗೆ. ಆ ತಪ್ಪೇ ಒಂದು ಬಗೆಯ ಗದ್ದಲ. ಅದನ್ನು ದಾಟಿ 33,600ಕ್ಕಿಂತ ಮೇಲೆ ಹೋಗುವುದು ಕಷ್ಟ.

1998ರ ವಿ.90 ಪದ್ಧತಿಯವರು ಕಂಡುಕೊಂಡ ಉಪಾಯ ಏನಂದರೆ, ಇಂಟರ್ನೆಟ್ ಕೊಡುವ ಕಂಪನಿ ಎಕ್ಸ್‌ಚೇಂಜಿಗೆ ಡಿಜಿಟಲ್ ಲೈನಿನಲ್ಲೇ ಜೋಡಿಸಿಕೊಂಡಿರುತ್ತೆ, ಅಂದರೆ ಅದರ ಕಡೆಯಿಂದ ದನಿ ಅಳೆಯುವ ಕೆಲಸವೇ ಇಲ್ಲ, ಅದು ಬರೆದ ಸಂಖ್ಯೆಯೇ ನಿಮ್ಮ ಊರಿನ ಎಕ್ಸ್‌ಚೇಂಜಿನವರೆಗೆ ಹಾಗೇ ಬಂದು, ಅಲ್ಲಿಂದ ನಿಮ್ಮ ಮನೆಯ ತಂತಿಯಲ್ಲಿ ಮಾತ್ರ ದನಿಯಾಗುತ್ತೆ. ಆ ದಿಕ್ಕಿನಲ್ಲಿ ಮಾತ್ರ 56. ನೀವು ಮೇಲಕ್ಕೆ ಕಳಿಸುವುದು 33.6ರಲ್ಲೇ. ನೀವೂ ಗೆಳೆಯನೂ ನೇರ ಮಾತಾಡಿದರೆ ಎರಡೂ ತುದಿ ಅನಲಾಗ್, ಅಂದರೆ ಎರಡೂ ಕಡೆ ದನಿ ಅಳೆಯುವ ಕೆಲಸ ತಪ್ಪುವುದಿಲ್ಲ, ಹಾಗಾಗಿ ಎರಡು 56ಕೆ ಮೋಡೆಮ್ ಸೇರಿದರೂ 33.6ರ ಮೇಲಿಲ್ಲ. ಇನ್ನು ಎಕ್ಸ್‌ಚೇಂಜಿನಿಂದ ನಿಮ್ಮ ಮನೆ ದೂರ ಇದ್ದು, ಕಂಬದ ಮೇಲಿನ ಜಾಯಿಂಟಿಗೆ ಮಳೆ ನೀರು ಹೊಕ್ಕಿದ್ದರೆ 28 ಬಂದದ್ದೇ ಪುಣ್ಯ. ಶಿವಮೊಗ್ಗದ ಮಳೆ ನಿಮಗೆ ನಾನು ಹೇಳಬೇಕಾ?

ಅಮೆರಿಕದಲ್ಲೂ ಪೂರ್ತಿ 56 ಸಿಗಲಿಲ್ಲ. ತಂತಿಗೆ ಬಿಡುವ ದನಿ ಇಷ್ಟಕ್ಕಿಂತ ಜೋರಾಗಿರಬಾರದು ಅಂತ ಅಲ್ಲಿ ನಿಯಮ ಇತ್ತು, ಹಾಗಾಗಿ ಅವರಿಗೆ 53.3ಕ್ಕೇ ಕೊನೆ.

ಪ್ರಶ್ನೆ: ಹಳೇ ಪುಸ್ತಕದಲ್ಲಿ ಎಟಿಡಿಪಿ ಅಂತ ಇದೆ, ನೀವು ಎಟಿಡಿಟಿ ಅಂತೀರಿ. ಯಾವುದು ಸರಿ? — ಓದುಗ, ಧಾರವಾಡ

ಉತ್ತರ: ಎರಡೂ. ಪಿ ಅಂದರೆ ಪಲ್ಸ್. ಬೆರಳು ಹಾಕಿ ತಿರುಗಿಸುವ ಕಪ್ಪು ಫೋನ್ ನೆನಪಿದೆಯಲ್ಲ, ಅದು ಬಿಟ್ಟಾಗ ಹಿಂದಕ್ಕೆ ಸುತ್ತುತ್ತಾ ಟಕ ಟಕ ಅಂತ ಲೈನನ್ನು ಕತ್ತರಿಸಿ ಕತ್ತರಿಸಿ ಜೋಡಿಸುತ್ತಿತ್ತು. 5ಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಹಳೇ ಎಕ್ಸ್‌ಚೇಂಜ್‌ಗಳಿಗೆ ಆ ಭಾಷೆ ಮಾತ್ರ ಬರುತ್ತಿತ್ತು, ಹಾಗಾಗಿ ಮೋಡೆಮ್ ಕೂಡ ಎಟಿಡಿಪಿ ಅಂದರೆ ಹಾಗೇ ಟಕಟಕಿಸುತ್ತಿತ್ತು. ಸೊನ್ನೆ ಜಾಸ್ತಿ ಇರುವ ಎಸ್‌ಟಿಡಿ ನಂಬರ್ ಆದರೆ ಡಯಲ್ ಮಾಡೋಕೇ ಹತ್ತು ಸೆಕೆಂಡಿನ ಮೇಲೆ.

ನಿಮ್ಮ ಜಿಲ್ಲೆಯ ಪಕ್ಕದ ವಿಷಯ ಒಂದಿದೆ. ಟೆಲಿಫೋನ್ ತಂತ್ರಜ್ಞಾನದ ಸರ್ಕಾರಿ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗಾಗಿ ಮಾಡಿದ 128 ಲೈನಿನ ಡಿಜಿಟಲ್ ಎಕ್ಸ್‌ಚೇಂಜ್ ದೇಶದಲ್ಲೇ ಮೊದಲು ಶುರುವಾದದ್ದು 1986ರ ಜುಲೈನಲ್ಲಿ, ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಕೋಟೆ ನೋಡೋಕೆ ಹೋಗೋರು ಎಷ್ಟೋ ಜನ, ಇದು ಗೊತ್ತಿರೋರು ಕಡಿಮೆ.

ಪ್ರಶ್ನೆ: ಅಟ್ಟದಲ್ಲಿ ಎರಡು ಹಳೇ ಮೋಡೆಮ್ ಸಿಕ್ಕಿವೆ. ಮನೆಯಲ್ಲಿ ಈಗ ಫೈಬರ್ ಜೊತೆ ಬಂದ ಲ್ಯಾಂಡ್‌ಲೈನ್. ಶಾಲೆಯ ಮಕ್ಕಳಿಗೆ ತೋರಿಸಬೇಕು. ಆಗುತ್ತಾ? — ಶಿಕ್ಷಕಿ, ಉಡುಪಿ ಜಿಲ್ಲೆ

ಉತ್ತರ: ಆಗಬಹುದು, ಆದರೆ ಫೈಬರ್ ಫೋನನ್ನು ನಂಬಿಕೊಂಡು ಮಕ್ಕಳ ಮುಂದೆ ನಿಲ್ಲಬೇಡಿ. ಅದು ತಾಮ್ರದ ಲೈನ್ ಥರ ಕಂಡರೂ ಒಳಗೆ ನಿಮ್ಮ ದನಿಯನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕಳಿಸುತ್ತೆ. ಒಂದು ಪೊಟ್ಟಣ ತಡವಾದರೆ ನಡುವೆ ಏನಾದರೂ ತುಂಬಿಸಿ ಸುಧಾರಿಸುತ್ತೆ. ನಮ್ಮ ಕಿವಿಗೆ ಗೊತ್ತಾಗಲ್ಲ. ಮೋಡೆಮ್‌ಗೆ ಮಾತ್ರ ತಾಳ ತಪ್ಪಿದ ಹಾಗೆ, ತಕ್ಷಣ ಕೈ ಬಿಡುತ್ತೆ. ದನಿಯನ್ನು ಇನ್ನಷ್ಟು ಹಿಂಡಿ ಕಳಿಸುವ ಪದ್ಧತಿ ಇದ್ದರಂತೂ ಆಸೆಯೇ ಬೇಡ. ಪ್ರಯತ್ನಿಸಲೇಬೇಕು ಅಂದರೆ ಎಟಿ+ಎಂಎಸ್ ಕಮಾಂಡ್‌ನಿಂದ ವೇಗವನ್ನು 2400ಕ್ಕೆ ಇಳಿಸಿ ನೋಡಿ, ನಿಧಾನದ್ದು ಬದುಕುವ ಸಾಧ್ಯತೆ ಜಾಸ್ತಿ. ಆ ಕಮಾಂಡ್‌ನ ಮುಂದಿನ ಭಾಗ ಮೋಡೆಮ್ಮಿಂದ ಮೋಡೆಮ್ಮಿಗೆ ಬೇರೆ, ಕೈಪಿಡಿ ನೋಡಿಕೊಳ್ಳಿ.

ಅದಕ್ಕಿಂತ ಒಳ್ಳೇದು, ಫೋನ್ ಕಂಪನಿಯನ್ನೇ ಬಿಟ್ಟುಬಿಡಿ. ಎರಡೂ ಮೋಡೆಮ್‌ಗಳ ಲೈನ್ ಸಾಕೆಟ್ ನಡುವೆ ಒಂದು ಮಾಮೂಲಿ ಫೋನ್ ವೈರ್ ಹಾಕಿ. ಒಂದರಲ್ಲಿ ಎಟಿಎಕ್ಸ್3ಡಿ ಅಂತ ಹೊಡೆಯಿರಿ. ಎಕ್ಸ್3 ಅಂದರೆ ಡಯಲ್ ಟೋನ್‌ಗೆ ಕಾಯಬೇಡ ಅಂತ. ತಕ್ಷಣ ಇನ್ನೊಂದರಲ್ಲಿ ಎಟಿಎ. ರಿಂಗ್ ಬರಲ್ಲ, ಅದಕ್ಕೆ ನೀವೇ ಎತ್ತಿಕೊಳ್ಳಬೇಕು. ಎಷ್ಟೋ ಮೋಡೆಮ್ ಹೀಗೇ ಒಪ್ಪಿಕೊಳ್ಳುತ್ತವೆ. ಕೆಲವಕ್ಕೆ ಎಕ್ಸ್‌ಚೇಂಜ್ ಕೊಡುವ ಸಣ್ಣ ಕರೆಂಟ್ ಬೇಕೇ ಬೇಕು. ಅಂಥವಕ್ಕೆ ಹವ್ಯಾಸಿಗಳು ಒಂದು ತಂತಿಯನ್ನು ಕತ್ತರಿಸಿ ನಡುವೆ 9 ವೋಲ್ಟ್ ಬ್ಯಾಟರಿ ಮತ್ತು ಮುನ್ನೂರು ನಾನೂರು ಓಮ್‌ನ ರೆಸಿಸ್ಟರ್ ಸರಣಿಯಲ್ಲಿ ಹಾಕುತ್ತಾರೆ. ಈ ಬ್ಯಾಟರಿ ಕಟ್ಟಿದ ವೈರನ್ನು ನಿಜವಾದ ಫೋನ್ ಲೈನಿಗೆ ಮಾತ್ರ ಚುಚ್ಚಬೇಡಿ. ಈಗಿನ ಲ್ಯಾಪ್‌ಟಾಪ್‌ನಲ್ಲಿ ಹಳೇ ಮೋಡೆಮ್ ಚುಚ್ಚುವ ಸೀರಿಯಲ್ ಪೋರ್ಟ್ ಇರಲ್ಲ, ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಕೇಬಲ್ ತರಿಸಿ.

ಪ್ರಶ್ನೆ: ಕಾರ್ಡ್ ಉಜ್ಜುವ ಹಳೇ ಮಷೀನ್ ಕೂಡ ಡಯಲ್ ಮಾಡ್ತಿತ್ತು. ಅದು ಬೇಗ ಕನೆಕ್ಟ್ ಆಗ್ತಿತ್ತು, ಮನೆಯ ಮೋಡೆಮ್ ಮಾತ್ರ ಅರ್ಧ ನಿಮಿಷ. ಯಾಕೆ? — ಬಟ್ಟೆ ವ್ಯಾಪಾರಿ, ಇಳಕಲ್

ಉತ್ತರ: ಒಳ್ಳೆ ಕಣ್ಣು ನಿಮ್ಮದು. ಅದು ಬೇಕಂತಲೇ ನಿಧಾನದ ಮೋಡೆಮ್, ಸಾಮಾನ್ಯವಾಗಿ 1200 ಅಥವಾ 2400. ಕಳಿಸಬೇಕಾದ್ದು ಕೆಲವೇ ನೂರು ಬೈಟ್. ವೇಗದ ಮೋಡೆಮ್ ಲೈನ್ ಅಳೆದು ತಾಲೀಮು ಮುಗಿಸುವಷ್ಟರಲ್ಲಿ, ಇದು ಎರಡು ಸ್ವರ ಹಾಡಿ, ಕೆಲಸ ಮುಗಿಸಿ, ಫೋನ್ ಇಟ್ಟಿರುತ್ತೆ.

ಪ್ರಶ್ನೆ: ಭಾರತದಲ್ಲಿ ಜನರಿಗೆ ಇಂಟರ್ನೆಟ್ ಬಂದದ್ದು 1995ರಲ್ಲಿ ಅಂತಾರೆ. ಅದಕ್ಕೂ ಮೊದಲು ಇಲ್ಲಿ ಇಮೇಲ್ ಇರಲೇ ಇಲ್ವಾ? — ಓದುಗಿ, ಬೆಂಗಳೂರು

ಉತ್ತರ: ಇತ್ತು. ಆಗಿನ ಸರ್ಕಾರಿ ಟೆಲಿಕಾಂ ಕಂಪನಿ ವಿಎಸ್‌ಎನ್‌ಎಲ್ ಎಲ್ಲರಿಗೂ ಬಾಗಿಲು ತೆಗೆದದ್ದು 1995ರ ಆಗಸ್ಟ್ 15ಕ್ಕೆ. ಆದರೆ 1986ರಲ್ಲೇ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ಕಂಪ್ಯೂಟರ್‌ಗಳನ್ನು ಜೋಡಿಸುವ ಅರ್ನೆಟ್ ಯೋಜನೆ ಶುರುವಾಗಿತ್ತು. ಐಐಟಿಗಳ ಜೊತೆ ನಿಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿತ್ತು. ಅಲ್ಲಿ ಮೊದಮೊದಲು ಮೇಲ್ ಓಡಾಡಿದ್ದು ಹೀಗೇ, ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಫೋನ್ ಮಾಡಿ, ಇದ್ದ ಪತ್ರಗಳನ್ನೆಲ್ಲ ಒಟ್ಟಿಗೆ ಸುರಿದು, ಅಲ್ಲಿದ್ದದ್ದನ್ನು ತುಂಬಿಕೊಂಡು ಲೈನ್ ಇಡುತ್ತಿತ್ತು. ಯುಯುಸಿಪಿ ಅಂತ ಅದರ ಹೆಸರು. ಊರಿನ ಬಸ್ಸಿಗೆ ಟಪಾಲು ಚೀಲ ಹಾಕಿದ ಹಾಗೆ.

ಪ್ರಶ್ನೆ: ಮಾತಿನ ಮಧ್ಯೆ ಮೂರು ಪ್ಲಸ್ ಚಿಹ್ನೆ ಟೈಪ್ ಮಾಡಿದರೆ ಎದುರಿನವನ ಲೈನ್ ಕಟ್ಟಾಗುತ್ತಿತ್ತು ಅಂತ ಅಣ್ಣ ಬುರುಡೆ ಬಿಡ್ತಾನೆ. ನಿಜಾನಾ? — ಓದುಗ, ಕಲಬುರಗಿ

ಉತ್ತರ: ಅಣ್ಣ ಅರ್ಧ ನಿಜ ಹೇಳಿದ್ದಾನೆ. +++ ಅಂದರೆ "ಈಗ ಡೇಟಾ ಅಲ್ಲ, ನಿನ್ನ ಹತ್ತಿರ ಮಾತಾಡಬೇಕು" ಅಂತ ಮೋಡೆಮ್‌ಗೆ ಹೇಳುವ ಗುರುತು. ಅದರ ಹಿಂದೆ ಮುಂದೆ ಒಂದೊಂದು ಸೆಕೆಂಡ್ ಸುಮ್ಮನಿದ್ದರೆ ಮಾತ್ರ ಲೆಕ್ಕಕ್ಕೆ ಅಂತ ಹೇಯ್ಸ್ ಕಂಪನಿ ನಿಯಮ ಮಾಡಿ, ಆ ಮೌನಕ್ಕೂ ಪೇಟೆಂಟ್ ತಗೊಂಡಿತ್ತು. ಅದಕ್ಕೆ ದುಡ್ಡು ಕೊಡಲು ಇಷ್ಟವಿಲ್ಲದ ಕೆಲವರು ಮೌನವನ್ನೇ ಬಿಟ್ಟು ಮೋಡೆಮ್ ಮಾಡಿದರು. ಅಂಥದ್ದರ ಮೂಲಕ +++ಎಟಿಎಚ್0 ಅನ್ನೋ ಅಕ್ಷರಗಳು ಹೊರಗೆ ಹೋದರೆ ಅದು ತಾನೇ ಫೋನ್ ಇಟ್ಟುಬಿಡುತ್ತಿತ್ತು. ಹಾಗಾಗಿ ಬರೀ ಮೂರು ಪ್ಲಸ್ ಸಾಲದು, ಮುಂದಿನ ಎಟಿಎಚ್0 ಕೂಡ ಬೇಕು. ಮತ್ತು ಅದು ಎದುರಿನವನ ಮೋಡೆಮ್‌ನಿಂದ ಆಚೆ ಹೊರಡಬೇಕು. ಕಿಡಿಗೇಡಿಗಳು ಅದಕ್ಕೂ ದಾರಿ ಹುಡುಕಿದ್ದರು, ಆ ಅಕ್ಷರಗಳನ್ನೇ ತುಂಬಿದ ಪಿಂಗ್, ಅಂದರೆ "ಇದ್ದೀಯಾ" ಅಂತ ಕೇಳುವ ಸಣ್ಣ ಸಂದೇಶ, ಕಳಿಸೋದು. ಪಿಂಗ್ ಬಂದರೆ ಬಂದದ್ದನ್ನೇ ವಾಪಸ್ ಕಳಿಸುವುದು ಕಂಪ್ಯೂಟರಿನ ಸ್ವಭಾವ, ಪಾಪ ಅದು ತನ್ನ ಲೈನ್ ತಾನೇ ಕತ್ತರಿಸಿಕೊಳ್ಳುತ್ತಿತ್ತು.

ಪ್ರಶ್ನೆ: ಹಳೇ ಎಕ್ಸ್‌ಟರ್ನಲ್ ಮೋಡೆಮ್ ಇದೆ, ಅಡಾಪ್ಟರ್ ಕಳೆದಿದೆ. ಯಾವುದೋ 9 ವೋಲ್ಟ್ ಅಡಾಪ್ಟರ್ ಹಾಕಲಾ? — ಓದುಗ, ಹಾಸನ

ಉತ್ತರ: ತಡೀರಿ! ಮೋಡೆಮ್‌ನ ತಳದಲ್ಲಿ ಬರೆದದ್ದನ್ನು ಮೊದಲು ಓದಿ. ಆ ಕಾಲದ ಎಷ್ಟೋ ಮೋಡೆಮ್‌ಗಳ ಅಡಾಪ್ಟರ್ ಹೊರಗೆ ಕೊಡುತ್ತಿದ್ದದ್ದು ಡಿಸಿ ಅಲ್ಲ, ಎಸಿ. ಪಿನ್ ಒಂದೇ ಥರ ಇರುತ್ತೆ, ಒಳಗೆ ಸಲೀಸಾಗಿ ಹೋಗುತ್ತೆ, ಆದರೆ ಎಸಿ ಬೇಕಾದದ್ದಕ್ಕೆ ಡಿಸಿ ಕೊಟ್ಟರೆ ಕೆಲಸ ಮಾಡದೇ ಹೋಗಬಹುದು, ಡಿಸಿ ಬೇಕಾದದ್ದಕ್ಕೆ ಎಸಿ ಕೊಟ್ಟರೆ ಸುಟ್ಟೇ ಹೋಗಬಹುದು. ವೋಲ್ಟೇಜ್, ಎಸಿಯೋ ಡಿಸಿಯೋ, ಎಷ್ಟು ಆಂಪಿಯರ್, ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ.